ಕಾರ್ಕಳದ, ಬೆಳ್ಗೊಳದ: ಊರ ಹೆಸರನ್ನು ಹೊತ್ತ ಕೆಲವು ಕನ್ನಡ ಕೃತಿಗಳು

ಕನ್ನಡದ ಪ್ರಾಚೀನ ಕೃತಿಗಳ ಹೆಸರುಗಳನ್ನು ಒಂದೆಡೆ ಬರೆದುಕೊಂಡು ನೋಡಿದರೆ ಅವುಗಳಲ್ಲಿ ಊರುಗಳು ಬಹುಮಟ್ಟಿಗೆ ಇಲ್ಲವೆಂಬುದು ಗಮನಕ್ಕೆ ಬರುತ್ತದೆ. ಆದಿಪುರಾಣ, ಶಾಂತಿಪುರಾಣ, ಅಜಿತಪುರಾಣ ಎಂಬಲ್ಲಿ ತೀರ್ಥಂಕರರಿದ್ದಾರೆ. ವಿಕ್ರಮಾರ್ಜುನ ವಿಜಯ, ಸಾಹಸಭೀಮ ವಿಜಯ ಎಂಬಲ್ಲಿ ವೀರರಿದ್ದಾರೆ. ಆ ವೀರರ ಹಿಂದೆ ಕವಿಗೆ ಆಶ್ರಯವಿತ್ತ ಅರಸರಿದ್ದಾರೆ. ಊರು ಮಾತ್ರ ಹೆಸರಿನ ಹೊರಗೆ ನಿಂತಿದೆ. ಹಾಗೆಂದು ನಮ್ಮ ಕವಿಗಳಿಗೆ ನೆಲದ ಮೋಹವಿರಲಿಲ್ಲವೆಂದು ಯಾರೂ ಹೇಳಲಾರರು. ಕವಿರಾಜಮಾರ್ಗವು ಕನ್ನಡದ ತಿರುಳು ಯಾವ ಸೀಮೆಯಲ್ಲಿದೆ ಎಂಬುದನ್ನು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ಹೆಸರು ಹಿಡಿದೇ ಹೇಳುತ್ತದೆ. ಪಂಪನ ಬನವಾಸಿಯನ್ನು ಅರಿಯದ ಕನ್ನಡ ವಿದ್ಯಾರ್ಥಿಯಿಲ್ಲ. ಆದರೆ ಅವೆಲ್ಲ ಕೃತಿಯ ಒಡಲಿನಲ್ಲಿವೆ, ಹಣೆಯ ಮೇಲಿಲ್ಲ. ಹರಿಹರನ ‘ಪಂಪಾಶತಕ’ದಂತಹ ಅಪವಾದಗಳುಂಟು, ಅಲ್ಲಿಯೂ ಪಂಪೆ ಎಂಬುದು ವಿರೂಪಾಕ್ಷನನ್ನು ಕರೆಯುವ ದಾರಿಯೇ ಹೊರತು ಊರಿನ ಕಥೆಯಲ್ಲ.

ಊರು ಕೃತಿಯ ಹೆಸರಿಗೆ ಏರಿದ್ದು ಯಾವಾಗ, ಏಕೆ ಎಂಬ ಪ್ರಶ್ನೆಯನ್ನು ಇಟ್ಟುಕೊಂಡು ನನಗೆ ಪ್ರಿಯವಾದ ಕೆಲವು ಕೃತಿಗಳನ್ನು ಇಲ್ಲಿ ನೋಡಬಯಸುತ್ತೇನೆ. ಅವುಗಳಲ್ಲಿ ಎರಡು ನಮ್ಮ ಸಾಹಿತ್ಯ ಚರಿತ್ರೆಗಳು ಒಂದೆರಡು ವಾಕ್ಯಗಳಲ್ಲಿ ಮುಗಿಸಿಬಿಡುವ ಸಾಂಗತ್ಯಗಳು: ಚಂದ್ರಮನ ‘ಕಾರ್ಕಳದ ಗೊಮ್ಮಟೇಶ್ವರ ಚರಿತೆ’ ಮತ್ತು ಅನಂತಕವಿಯ ‘ಬೆಳ್ಗೊಳದ ಗೊಮ್ಮಟೇಶ್ವರ ಚರಿತೆ’. ಇವನ್ನು ಸ್ಥಳಮಹಿಮೆಯ ಕೃತಿಗಳೆಂದು ಬದಿಗಿಡುವ ಅಭ್ಯಾಸದಿಂದ ಸಾಹಿತ್ಯಕ್ಕಿಂತ ಇತಿಹಾಸಕ್ಕೆ ಆಗಿರುವ ನಷ್ಟ ಹೆಚ್ಚು.

ಮೊದಲು ಬಾಹುಬಲಿಯ ಕಥೆಯಲ್ಲಿ ಊರಿಗಿರುವ ಸ್ಥಾನವನ್ನು ಗಮನಿಸಬೇಕು. 941ರ ಸುಮಾರಿನಲ್ಲಿ ಪಂಪನು ಆದಿಪುರಾಣವನ್ನು ರಚಿಸಿದಾಗ ಬಾಹುಬಲಿ ಪೌದನಪುರದ ಅರಸ. ಆತನ ತಪಸ್ಸು, ಕೈವಲ್ಯಗಳು ಯುಗಾದಿಯ ಘಟನೆಗಳು. ಕನ್ನಡ ನಾಡಿನ ಯಾವ ಬೆಟ್ಟಕ್ಕೂ ಆ ಕಥೆಯೊಡನೆ ಸಂಬಂಧವಿಲ್ಲ. ನಾಲ್ಕು ದಶಕಗಳ ಬಳಿಕ, 981ರ ಸುಮಾರಿಗೆ, ಗಂಗರ ಮಂತ್ರಿ ಚಾವುಂಡರಾಯನು ಬೆಳ್ಗೊಳದ ದೊಡ್ಡಬೆಟ್ಟದ ಮೇಲೆ ಸುಮಾರು 58 ಅಡಿಯ ಮೂರ್ತಿಯನ್ನು ಮಾಡಿಸಿದನು. ಆ ಮೂರ್ತಿಯ ಪಾದದ ಬಳಿಯ ಕಿರುಶಾಸನಗಳು ಮಾಡಿಸಿದವನ ಹೆಸರನ್ನಷ್ಟೇ ಹೇಳುತ್ತವೆ. ದೇವರ ಹೆಸರಿಲ್ಲ, ಊರ ಹೆಸರೂ ಇಲ್ಲ. ಕಣ್ಣೆದುರಿಗೆ ನಿಂತಿರುವುದನ್ನು ಇಂಥ ಊರಿನದು ಎಂದು ಹೇಳುವ ಅಗತ್ಯ ಆಗ ಯಾರಿಗೂ ಇರಲಿಲ್ಲ. ಅಂಥದು ಇನ್ನೊಂದಿದ್ದರೆ ತಾನೆ ಆ ಮಾತು ಬೇಕಾಗುವುದು?

ಎರಡು ಶತಮಾನಗಳ ಬಳಿಕ, 1180ರ ಸುಮಾರಿನ ಬೊಪ್ಪಣ ಪಂಡಿತನ ಶಾಸನಕಾವ್ಯದಲ್ಲಿ ಊರಿನ ಪ್ರಶ್ನೆ ಮೊದಲ ಬಾರಿಗೆ ಸ್ಪಷ್ಟವಾಗಿ ಮೂಡುತ್ತದೆ. ಭರತನು ಪೌದನಪುರದಲ್ಲಿ ಬಾಹುಬಲಿಯ ಪ್ರತಿಮೆಯನ್ನು ಮಾಡಿಸಿದ್ದನು. ಕಾಲ ಕಳೆದಂತೆ ಆ ಪ್ರದೇಶ ಕುಕ್ಕುಟಸರ್ಪಗಳಿಂದ ತುಂಬಿ ಯಾರೂ ಹೋಗಲಾರದಂತಾಯಿತು. ಅದನ್ನು ನೋಡಬಯಸಿದ ಚಾವುಂಡರಾಯನು ಅದು ಆಗದೆಂದು ತಿಳಿದು ಅಂಥ ಮೂರ್ತಿಯನ್ನು ತಾನೇ ಇಲ್ಲಿ ಮಾಡಿಸಿದನು ಎಂಬುದು ಅಲ್ಲಿ ಬರುವ ವೃತ್ತಾಂತ. ಇದನ್ನು ಐತಿಹ್ಯವೆಂದು ಬಿಟ್ಟರೂ ಅದರ ತರ್ಕವನ್ನು ಬಿಡಲಾಗದು. ಮೂಲದ ಊರು ಕೈಗೆ ಸಿಗದಾದಾಗ ಬೇರೊಂದು ಊರು ಅದರ ಸ್ಥಾನಕ್ಕೆ ಬರುತ್ತದೆ. ಒಮ್ಮೆ ಹೀಗಾದ ಮೇಲೆ ಇನ್ನೊಮ್ಮೆ ಆಗಲು ಅಡ್ಡಿಯೇನು?

ಹಾಗೆಯೇ ಆಯಿತು. ಶಕ 1353ನೆಯ ವಿರೋಧಿಕೃತ್ ಸಂವತ್ಸರದ ಫಾಲ್ಗುಣ ಶುದ್ಧ ದ್ವಾದಶಿ, ಎಂದರೆ 1432ರ ಫೆಬ್ರವರಿ 13ರಂದು, ಕಾರ್ಕಳದಲ್ಲಿ ಭೈರರಸ ಮನೆತನದ ವೀರಪಾಂಡ್ಯನು ಸುಮಾರು 42 ಅಡಿಯ ಬಾಹುಬಲಿಯನ್ನು ಪ್ರತಿಷ್ಠಾಪಿಸಿದನು. 1604ರಲ್ಲಿ ವೇಣೂರಿನಲ್ಲಿ ತಿಮ್ಮರಾಜ ಅಜಿಲನು ಸುಮಾರು 35 ಅಡಿಯ ಮತ್ತೊಂದು ಮೂರ್ತಿಯನ್ನು ನಿಲ್ಲಿಸಿದನು. ಒಂದೇ ದೇವರು, ಒಂದೇ ನಿಲುವು, ಮೂರು ಊರುಗಳು.

ಈ ಪ್ರತಿಷ್ಠೆಗಳ ಶಾಸನಗಳಲ್ಲಿ ಊರ ಹೆಸರುಗಳು ವಹಿಸುವ ಪಾತ್ರವನ್ನು ವಿದ್ಯಾರ್ಥಿಗಳು ಸಾಮಾನ್ಯವಾಗಿ ಗಮನಿಸುವುದಿಲ್ಲ. ಕಾರ್ಕಳದ ಪ್ರತಿಷ್ಠೆ ನಡೆದದ್ದು ಪನಸೋಗೆಯ, ದೇಶೀಗಣದ ಲಲಿತಕೀರ್ತಿ ಮುನಿಗಳ ಉಪದೇಶದಿಂದ. ಪನಸೋಗೆ ಎಂದರೆ ಇಂದಿನ ಮೈಸೂರು ಜಿಲ್ಲೆಯ ಹನಸೋಗೆ, ಕಾವೇರಿ ಬಯಲಿನ ಒಂದು ಸಣ್ಣ ಊರು. ಘಟ್ಟದ ಮೇಲಿನ ಆ ಊರಿನ ಹೆಸರು ಗುರುಪರಂಪರೆಯ ಹೆಸರಾಗಿ ಘಟ್ಟವಿಳಿದು ತುಳುನಾಡನ್ನು ಸೇರಿದೆ. ವೇಣೂರಿನ ಪ್ರತಿಷ್ಠೆಯಾದರೋ ಬೆಳ್ಗುಳದ ಚಾರುಕೀರ್ತಿಗಳ ಉಪದೇಶದಿಂದ ನಡೆದದ್ದು. ಮಾಡಿಸಿದ ಅರಸನೂ ತನ್ನನ್ನು ಚಾಮುಂಡನ ವಂಶದವನೆಂದು ಕರೆದುಕೊಂಡಿದ್ದಾನೆ. ಕಾರ್ಕಳದಿಂದ ವೇಣೂರಿಗೆ ಹೆಚ್ಚು ದೂರವಿಲ್ಲ. ಆದರೂ ಒಂದರ ಹಿಂದೆ ಪನಸೋಗೆಯಿದೆ, ಇನ್ನೊಂದರ ಹಿಂದೆ ಬೆಳ್ಗೊಳವಿದೆ. ಸ್ಥಳೀಯ ಐತಿಹ್ಯವು ಇನ್ನೂ ಮುಂದೆ ಹೋಗುತ್ತದೆ: ವೇಣೂರಿನಲ್ಲಿ ಮೂರ್ತಿ ಸಿದ್ಧವಾಗುತ್ತಿದೆಯೆಂದು ಕೇಳಿದ ಕಾರ್ಕಳದ ಅರಸನು ತನ್ನ ಊರಿನ ಹಿರಿಮೆಗೆ ಕುಂದೆಂದು ಸಿಟ್ಟಾಗಿ ಅದನ್ನು ಕಾರ್ಕಳಕ್ಕೆ ಒಪ್ಪಿಸಬೇಕೆಂದನಂತೆ, ಅಜಿಲನು ಮೂರ್ತಿಯನ್ನು ಫಲ್ಗುಣೀ ನದಿಯ ಮರಳಿನಲ್ಲಿ ಹುದುಗಿಸಿಟ್ಟು, ಕಾದಾಡಿ ಗೆದ್ದು, ಅನಂತರ ಪ್ರತಿಷ್ಠೆ ಮಾಡಿದನಂತೆ. ಈ ಕಥೆಯ ವಿವರಗಳನ್ನು ನಂಬಬೇಕಾಗಿಲ್ಲ. ಆದರೆ ವಿರಕ್ತಿಯ ಪರಮಮೂರ್ತಿಯ ಸಲುವಾಗಿ ಎರಡು ಊರುಗಳು ಸೆಣಸಿದವೆಂದು ಜನ ಕಲ್ಪಿಸಿಕೊಂಡರೆಂಬುದೇ ಒಂದು ಚಾರಿತ್ರಿಕ ಸಂಗತಿ. ಅಣ್ಣನೊಡನೆ ನೆಲಕ್ಕಾಗಿ ಹೋರಿ, ಗೆದ್ದ ಮೇಲೆ ನೆಲವನ್ನೇ ಬಿಟ್ಟವನ ಮೂರ್ತಿ ಅದು!

ಈ ಹಿನ್ನೆಲೆಯಲ್ಲಿ ಕೃತಿಗಳ ಹೆಸರುಗಳನ್ನು ನೋಡೋಣ. 1614ರಲ್ಲಿ ಬೆಳ್ಗೊಳದವನೇ ಆದ ಪಂಚಬಾಣನು ಸಾಂಗತ್ಯದಲ್ಲಿ ‘ಭುಜಬಲಿ ಚರಿತೆ’ಯನ್ನು ರಚಿಸಿದನು. 1612ರಲ್ಲಿ ಶಾಂತವರ್ಣಿಯು ನಡೆಸಿದ ಮಸ್ತಕಾಭಿಷೇಕದ ಉಲ್ಲೇಖ ಅದರಲ್ಲಿದೆ. ತನ್ನ ಊರಿನ, ತಾನು ಬಲ್ಲ ಘಟನೆ ಒಳಗಿದ್ದರೂ ಕೃತಿಯ ಹೆಸರು ಹಳೆಯ ಪದ್ಧತಿಯಂತೆ ನಾಯಕನದೇ. 1646ರ ಹೊತ್ತಿಗೆ ಚಂದ್ರಮನ ಕೃತಿಯಲ್ಲಿ ‘ಕಾರ್ಕಳದ’ ಎಂಬ ವಿಶೇಷಣ ಕಾಣಿಸಿಕೊಳ್ಳುತ್ತದೆ. ವೇಣೂರಿನ ಪ್ರತಿಷ್ಠೆಯಾಗಿ ಆಗ 42 ವರ್ಷ ಕಳೆದಿತ್ತು. ಭೈರರಸ ಮನೆತನದ ಅರಸನೊಬ್ಬನು ಕಾರ್ಕಳದಲ್ಲಿ ಮಹಾಮಸ್ತಕಾಭಿಷೇಕವನ್ನು ನಡೆಸಿದ ಸಂದರ್ಭದ ಕೃತಿಯಿದು. ಬೆಳ್ಗೊಳದ ಮೂರ್ತಿ ಮೇಲೆ, ವೇಣೂರಿನ ಮೂರ್ತಿ ಪಕ್ಕದಲ್ಲಿ ಇರುವಾಗ ಬರಿಯ ‘ಗೊಮ್ಮಟೇಶ್ವರ ಚರಿತೆ’ ಎಂದರೆ ಸಾಲದಾಯಿತು. ಇದು ನನ್ನ ಊಹೆಯೆಂಬುದನ್ನು ಓದುಗರು ಮರೆಯಬಾರದು. ಆದರೆ ಕೃತಿಯ ಸ್ವರೂಪ ಈ ಊಹೆಗೆ ಒತ್ತಾಸೆಯಾಗಿದೆ. ಚಂದ್ರಮನ ಆಸಕ್ತಿ ಅಯೋಧ್ಯೆ, ಪೌದನಪುರಗಳಲ್ಲಿ ನಿಲ್ಲುವುದಿಲ್ಲ. ಬಂಡೆಯನ್ನು ಆರಿಸಿದ್ದು, ಕೆತ್ತಿಸಿದ್ದು, ಹಲವು ಗಾಲಿಗಳ ಬಂಡಿಯಲ್ಲಿ ಬೆಟ್ಟಕ್ಕೆ ಏರಿಸಿದ್ದು, ನಿಲ್ಲಿಸಿದ್ದು, ಅಭಿಷೇಕದ ಸಂಭ್ರಮ ಇವೆಲ್ಲ ಅವನಿಗೆ ಕಾವ್ಯವಸ್ತು. ಬೆಳ್ಗೊಳದ ಮೂರ್ತಿ ಬೆಟ್ಟದ ನೆತ್ತಿಯ ಬಂಡೆಯಲ್ಲಿಯೇ ಮೂಡಿದ್ದು. ಕಾರ್ಕಳದ್ದು ಬೆಟ್ಟಕ್ಕೆ ಏರಿ ಬಂದದ್ದು. ಕಲ್ಲು ನಡೆದುಬಂದ ಈ ದಾರಿಯನ್ನು ಪ್ರತಿಷ್ಠೆಯ ಶಾಸನ ಹೇಳುವುದಿಲ್ಲ. ಶಾಸನಕ್ಕೆ ಅರಸ, ಗುರು, ತಿಥಿ, ವಾರ ಮುಖ್ಯ. ದುಡಿಮೆಯ ಬಗೆ ಅದಕ್ಕೆ ಬೇಕಿಲ್ಲ. ಸಾಂಗತ್ಯದ ಕವಿಗೆ ಬೇಕು, ಏಕೆಂದರೆ ಅದನ್ನು ಕೇಳುವವರು ಅದೇ ಊರಿನವರು. ಇನ್ನೂರು ವರ್ಷಗಳ ಅಂತರದಲ್ಲಿ ಅವನು ಕೇಳಿ ಬರೆದದ್ದನ್ನು ಪ್ರತ್ಯಕ್ಷ ವರದಿಯೆಂದು ಒಪ್ಪುವಂತಿಲ್ಲ ನಿಜ. 17ನೆಯ ಶತಮಾನದ ಕಾರ್ಕಳವು ತನ್ನ ಮೂರ್ತಿಯ ಹುಟ್ಟನ್ನು ಹೇಗೆ ನೆನೆಯುತ್ತಿತ್ತು ಎಂಬುದಕ್ಕೆ ಮಾತ್ರ ಅದಕ್ಕಿಂತ ಒಳ್ಳೆಯ ಸಾಕ್ಷಿಯಿಲ್ಲ.

ಅನಂತಕವಿಯ ಕಾಲ 1780ರ ಸುಮಾರು. ಮೈಸೂರು ಆಗ ಹೈದರನ ಕೈಯಲ್ಲಿತ್ತು. ಅವನ ‘ಬೆಳ್ಗೊಳದ ಗೊಮ್ಮಟೇಶ್ವರ ಚರಿತೆ’ಯ ಬೆಲೆ ಒಂದು ಉಲ್ಲೇಖದಿಂದ ತಿಳಿಯುತ್ತದೆ. 1677ರಲ್ಲಿ ಚಿಕದೇವರಾಜ ಒಡೆಯರ ಜೈನ ಮಂತ್ರಿ ವಿಶಾಲಾಕ್ಷ ಪಂಡಿತನು ತನ್ನ ವೆಚ್ಚದಲ್ಲಿ ಮಹಾಮಸ್ತಕಾಭಿಷೇಕವನ್ನು ನಡೆಸಿದನೆಂಬುದನ್ನು ಅವನು ದಾಖಲಿಸಿದ್ದಾನೆ. ಆರ್. ನರಸಿಂಹಾಚಾರ್ಯರು 1923ರಲ್ಲಿ ಶ್ರವಣಬೆಳಗೊಳದ ಶಾಸನ ಸಂಪುಟವನ್ನು ಪರಿಷ್ಕರಿಸಿದಾಗ ಅಭಿಷೇಕಗಳ ಕಾಲಾನುಕ್ರಮವನ್ನು ಕಟ್ಟಲು ಶಾಸನಗಳ ಜೊತೆಗೆ ಪಂಚಬಾಣ, ಅನಂತಕವಿಗಳ ಸಾಂಗತ್ಯಗಳನ್ನೂ ಆಧಾರವಾಗಿ ಬಳಸಿಕೊಂಡರು. ‘ಕರ್ಣಾಟಕ ಕವಿಚರಿತೆ’ಯ ಕರ್ತೃವೇ ಶಾಸನಶಾಸ್ತ್ರಜ್ಞನೂ ಆಗಿದ್ದುದು ಕನ್ನಡದ ಪುಣ್ಯ. ಇಂದು ಆ ಎರಡು ವಿದ್ಯೆಗಳು ಬೇರೆಬೇರೆ ವಿಭಾಗಗಳಲ್ಲಿ, ಬೇರೆಬೇರೆ ಬೀಗಗಳೊಳಗೆ ಇವೆ.

ಆ ಸಂಪುಟವೂ ಊರ ಹೆಸರಿನ ಪುಸ್ತಕವೇ. ಬಿ. ಎಲ್. ರೈಸ್ 1889ರಲ್ಲಿ ಶ್ರವಣಬೆಳಗೊಳದ ಶಾಸನಗಳೆಂಬ ಹೆಸರಿನಿಂದ ಅದನ್ನು ಪ್ರಕಟಿಸಿದಾಗ ಅದರಲ್ಲಿ 144 ಶಾಸನಗಳಿದ್ದವು. ನರಸಿಂಹಾಚಾರ್ಯರ ಪರಿಷ್ಕರಣದಲ್ಲಿ 500 ಆದವು. 1973ರ ಆವೃತ್ತಿಯಲ್ಲಿ 573. ಎಪಿಗ್ರಾಫಿಯಾ ಕರ್ನಾಟಿಕದ ಉಳಿದ ಸಂಪುಟಗಳು ಜಿಲ್ಲೆಗಳನ್ನು ಹಿಡಿದಿದ್ದರೆ ಇದು ಒಂದೇ ಊರನ್ನು ಹಿಡಿದಿದೆ. ನನ್ನ ಪಾಲಿಗೆ ಇದು ಓದಿ ಮುಗಿಯದ ಪುಸ್ತಕ.

ಊರ ಹೆಸರನ್ನು ಕೃತಿಗೆ ಇಡುವುದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಚಿಕದೇವರಾಜರ ಆಸ್ಥಾನದಲ್ಲಿಯೇ, ವಿಶಾಲಾಕ್ಷ ಪಂಡಿತನ ಸಮಕಾಲೀನನಾದ ಚಿಕುಪಾಧ್ಯಾಯನು ಯದುಗಿರಿ ಮಾಹಾತ್ಮ್ಯ, ಪಶ್ಚಿಮರಂಗ ಮಾಹಾತ್ಮ್ಯ, ಕಮಲಾಚಲ ಮಾಹಾತ್ಮ್ಯ, ಹಸ್ತಿಗಿರಿ ಮಾಹಾತ್ಮ್ಯ ಮೊದಲಾದವನ್ನು ಬರೆದನು. ಇವೂ ಸ್ಥಳನಾಮಗಳೇ. ಆದರೆ ಮೇಲುಕೋಟೆ ಯದುಗಿರಿಯಾಗಿದೆ, ಶ್ರೀರಂಗಪಟ್ಟಣ ಪಶ್ಚಿಮರಂಗವಾಗಿದೆ, ಗೋಪಾಲಸ್ವಾಮಿ ಬೆಟ್ಟ ಕಮಲಾಚಲವಾಗಿದೆ. ಪುರಾಣಗಳ ಭೂಪಟದೊಳಗೆ ಸೇರಬೇಕಾದರೆ ಊರು ತನ್ನ ಸಂಸ್ಕೃತ ನಾಮವನ್ನು ಧರಿಸಿಕೊಳ್ಳಬೇಕು. ಚಂದ್ರಮ, ಅನಂತರ ಕೃತಿಗಳು ಇದಕ್ಕೆ ವಿರುದ್ಧವಾದ ದಾರಿಯಲ್ಲಿವೆ. ಬೆಳ್ಗೊಳಕ್ಕೆ ಸಂಸ್ಕೃತ ನಾಮಗಳ ಕೊರತೆಯೇನೂ ಇರಲಿಲ್ಲ: ಶಾಸನಗಳಲ್ಲಿ ಧವಳಸರಸ, ಶ್ವೇತಸರೋವರ ಎಂದೆಲ್ಲ ಬರುತ್ತದೆ, ಅವು ‘ಬಿಳಿಯ ಕೊಳ’ದ ನೇರ ಅನುವಾದಗಳು. ಕಾರ್ಕಳಕ್ಕೂ ಪಾಂಡ್ಯನಗರಿ ಎಂಬ ಘನವಾದ ಹೆಸರಿತ್ತು. ಅವನ್ನೆಲ್ಲ ಬಿಟ್ಟು ಜನರ ಬಾಯಿಯ ಹೆಸರುಗಳೇ, ಕನ್ನಡದ ಷಷ್ಠಿಯ ಸಮೇತ, ಈ ಕೃತಿಗಳ ಮೇಲೆ ನಿಂತಿವೆ. ‘ಕಾರ್ಕಳದ’ ಎಂಬಲ್ಲಿನ ಆ ‘ದ’ ಪ್ರತ್ಯಯವನ್ನು ನಾನು ಬಹಳ ಇಷ್ಟಪಡುತ್ತೇನೆ. ಸಮಾಸದಲ್ಲಿ ಊರು ದೇವರೊಳಗೆ ಕರಗಿಹೋಗುತ್ತದೆ. ಪ್ರತ್ಯಯದಲ್ಲಿ ಊರು ದೇವರನ್ನು ತನ್ನದೆನ್ನುತ್ತದೆ.

ಕನ್ನಡದ ಹೊರಗೆ ಜೈನಸಾಹಿತ್ಯದಲ್ಲಿ ಊರುಗಳಿಗೆ ಮೀಸಲಾದ ಗ್ರಂಥ ಬೇಕಾದರೆ ಜಿನಪ್ರಭಸೂರಿಯ ‘ವಿವಿಧತೀರ್ಥಕಲ್ಪ’ವಿದೆ. ಮುಹಮ್ಮದ್ ಬಿನ್ ತುಘಲಕನ ಕಾಲದ ದಿಲ್ಲಿಯಲ್ಲಿ ಮುಗಿದ ಆ ಗ್ರಂಥದ ಅಧ್ಯಾಯಗಳಲ್ಲಿ ಹೆಚ್ಚಿನವು ಒಂದೊಂದು ತೀರ್ಥದ ಹೆಸರನ್ನು ಹೊತ್ತಿವೆ. ತೆಲಂಗಾಣದ ಕೊಲ್ಲಪಾಕವೂ ಅವುಗಳಲ್ಲಿ ಒಂದು. ಆದರೆ ಅದು ಊರೂರು ಸುತ್ತಿದ ಯತಿಯ ದೃಷ್ಟಿ. ಚಂದ್ರಮನದು ಒಂದೇ ಊರಿನಲ್ಲಿ ಕಾಲೂರಿ ನಿಂತವನ ದೃಷ್ಟಿ.

ಅರಸುಮನೆತನದ ಚರಿತ್ರೆಗಳಲ್ಲಿ ಊರ ಹೆಸರು ಬೇರೆಯೇ ಕೆಲಸ ಮಾಡುತ್ತದೆ. ಲಿಂಗಣ್ಣ ಕವಿಯ ‘ಕೆಳದಿನೃಪವಿಜಯ’ವನ್ನು ಆರ್. ಶಾಮಾಶಾಸ್ತ್ರಿಗಳು 1921ರಲ್ಲಿ ಸಂಪಾದಿಸಿ ಪ್ರಕಟಿಸಿದರು. ಕೆಳದಿಯ ಅರಸರ ರಾಜಧಾನಿ ಕೆಳದಿಯಲ್ಲಿ ಬಹುಕಾಲ ಉಳಿಯಲಿಲ್ಲ; ಇಕ್ಕೇರಿಗೆ ಹೋಯಿತು, 17ನೆಯ ಶತಮಾನದಲ್ಲಿ ಬಿದನೂರಿಗೆ ಹೋಯಿತು. 1763ರಲ್ಲಿ ಹೈದರನು ಬಿದನೂರನ್ನು ಗೆದ್ದು ಅದಕ್ಕೆ ಹೈದರನಗರವೆಂದು ಹೆಸರಿಟ್ಟನು. ಇಂದು ನಮ್ಮ ಬಳಿ ಉಳಿದಿರುವುದು ಬರಿಯ ‘ನಗರ’. ಗೆದ್ದವನ ಹೆಸರೂ ಸೋತವರ ಹೆಸರೂ ಕಳಚಿಹೋದ ಊರು ಅದು. ಆದರೆ ಗ್ರಂಥದ ಹೆಸರು ಮನೆತನವು ಎಂದೋ ಬಿಟ್ಟುಬಂದ ಮೊದಲ ಊರನ್ನೇ ಹಿಡಿದಿದೆ. ರಾಜಧಾನಿಯ ವೈಭವವನ್ನು ಬಿದನೂರು ಕಂಡಿತು, ಹೆಸರು ಕೆಳದಿಗೆ ಸಂದಿತು.

ಹೊಸಗನ್ನಡದ ಕೃತಿಗಳಲ್ಲಿ ಸ್ಥಳನಾಮಗಳು ಹೇರಳವಾಗಿರುವುದರಿಂದ ಎರಡನ್ನು ಮಾತ್ರ ಪ್ರಸ್ತಾಪಿಸುತ್ತೇನೆ. (ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ಯನ್ನು ಬೇಕೆಂದೇ ಬಿಟ್ಟಿದ್ದೇನೆ, ಕಲ್ಪಿತವಾದ ಊರೊಂದು ಕಾದಂಬರಿಯ ಬಲದಿಂದ ನಿಜವಾದ ಊರಿಗಿಂತ ನಿಜವಾಗುವ ಬಗೆ ಬೇರೊಂದು ಲೇಖನಕ್ಕೆ ತಕ್ಕ ವಿಷಯ.) ತ. ರಾ. ಸುಬ್ಬರಾಯರು ಚಿತ್ರದುರ್ಗದ ಪಾಳೆಯಗಾರರ ಮೇಲೆ ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ ಮೊದಲಾದ ಕಾದಂಬರಿಗಳನ್ನು ಬರೆದರು. ಅವುಗಳ ಹೆಸರಿನಲ್ಲಿ ಕೋಟೆಯಿಲ್ಲ. ದುಃಖವಿದೆ, ರಕ್ತವಿದೆ, ಬಾಣವಿದೆ. 1779ರಲ್ಲಿ ಮದಕರಿನಾಯಕನ ಕಾಲದಲ್ಲಿ ಕೋಟೆ ಹೈದರನ ವಶವಾದದ್ದನ್ನು ಹೇಳುವ ಕೃತಿಗೆ ಬಂದಾಗ ಮಾತ್ರ ಊರು ಹೆಸರಿನೊಳಗೆ ಬಂದು ‘ದುರ್ಗಾಸ್ತಮಾನ’ವಾಯಿತು. ಕೋಟೆ ಗಟ್ಟಿಯಾಗಿ ನಿಂತಿರುವಷ್ಟು ಕಾಲ ಅದು ಕಥೆಯ ರಂಗಸ್ಥಳ. ಬೀಳುವಾಗ ಅದೇ ಕಥಾನಾಯಕ. ನಾಯಕನ ಮರಣಕ್ಕಿಂತ ಊರಿನ ಅಸ್ತಮಾನವನ್ನು ದೊಡ್ಡದು ಮಾಡಿದ ಆ ಹೆಸರು, ಆ ಕಾದಂಬರಿಯ ಮೇಲೆ ಬಂದಿರುವ ಎಷ್ಟೋ ವಿಮರ್ಶೆಗಳಿಗಿಂತ ಚೆನ್ನಾಗಿ ಅದರ ದೃಷ್ಟಿಯನ್ನು ತಿಳಿಸುತ್ತದೆ.

ಇನ್ನೊಂದು ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’. ಬೆಳ್ಗೊಳದ ಶಾಸನಗಳನ್ನು ಓದಿ ಬಂದವರಿಗೆ ಚಂದ್ರಗಿರಿ ಎಂದೊಡನೆ ಅಲ್ಲಿನ ಚಿಕ್ಕಬೆಟ್ಟ ನೆನಪಾದರೆ ತಪ್ಪಿಲ್ಲ. ಇಲ್ಲಿ ಅದು ಬೆಟ್ಟವಲ್ಲ, ಕಾಸರಗೋಡಿನ ಹೊಳೆ. ತುಳುನಾಡಿಗೂ ಮಲೆಯಾಳ ಸೀಮೆಗೂ ನಡುವಿನ ಎಲ್ಲೆಯೆಂದು ಹಿಂದಿನಿಂದ ಎಣಿಸಿಕೊಂಡು ಬಂದ ಆ ಹೊಳೆ, 1956ರ ರಾಜ್ಯ ಪುನರ್ವಿಂಗಡಣೆಯ ಬಳಿಕ ಎರಡೂ ದಡಗಳ ಸಹಿತ ಕೇರಳದ ಒಳಗೆ ಉಳಿಯಿತು. ಕನ್ನಡದ ಕಾದಂಬರಿಯೊಂದು ಆ ಹೆಸರನ್ನು ಹಣೆಯ ಮೇಲೆ ಹೊತ್ತು, ಆ ತೀರದ ಮುಸ್ಲಿಂ ಹೆಣ್ಣುಮಗಳೊಬ್ಬಳ ಬಾಳನ್ನು ಹೇಳಿದ್ದು ಕನ್ನಡದ ಭೂಪಟವನ್ನು ಆಡಳಿತದ ಭೂಪಟಕ್ಕಿಂತ ದೊಡ್ಡದಾಗಿಸಿತು.

ಬೆಳ್ಗೊಳದ ಚಂದ್ರಗಿರಿಗೂ ಆ ಹೆಸರು ಮೊದಲಿನಿಂದ ಇದ್ದದ್ದಲ್ಲ. ಚಂದ್ರಗುಪ್ತ ಮೌರ್ಯನು ಭದ್ರಬಾಹುಗಳೊಡನೆ ಬಂದು ಅಲ್ಲಿ ಸಲ್ಲೇಖನ ಕೈಗೊಂಡನೆಂಬ ಪರಂಪರೆಯಿಂದ ಬಂದದ್ದು ಅದು. ಏಳನೆಯ ಶತಮಾನದ ನಿಸಿದಿ ಶಾಸನಗಳಲ್ಲಿ ಆ ಬೆಟ್ಟದ ಹೆಸರು ಕಳ್ಬಪ್ಪು, ಸಂಸ್ಕೃತದಲ್ಲಿ ಕಟವಪ್ರ. ಉಣಿಸು ತೊರೆದು ದೇಹವನ್ನು ಬಿಟ್ಟ ಮುನಿಗಳು, ಕಂತಿಯರು ಇಂಥ ಊರಿನಿಂದ ಬಂದವರೆಂದು ಕೆಲವು ಶಾಸನಗಳು ಹೇಳುತ್ತವೆ. ಬಿಟ್ಟದ್ದು ಕಳ್ಬಪ್ಪಿನಲ್ಲಿ ಎಂಬುದನ್ನೂ ಮರೆಯದೆ ಹೇಳುತ್ತವೆ. ಊರಿನ ಜನ ಈಗ ಅದನ್ನು ಕರೆಯುವುದು ಚಿಕ್ಕಬೆಟ್ಟ ಎಂದು.